ಕಣ್ಣಿನೊಳಗಿನ ತೂತು ಹುಡುಕಿದ ಡಾಕ್ಟರು

ರಾಣೆಬೆನ್ನೂರಿನಿಂದ ಅಪ್ಪ ಫೋನ್ ಮಾಡಿದರೆ ಮುಖ್ಯ ವಿಷಯ ಬರುವುದು ಕೊನೆಗೇ. ಆವತ್ತೂ ಮಳೆ, ಮೆಕ್ಕೆಜೋಳದ ದರ, ಪಕ್ಕದ ಮನೆಯವರ ಮಗಳ ಮದುವೆ ಎಲ್ಲ ಮುಗಿದವು. ಫೋನ್ ಇಡುವ ಹೊತ್ತಿಗೆ, ಎಡಗಣ್ಣಿನಲ್ಲಿ ಮೂಗಿನ ಪಕ್ಕದಿಂದ ಒಂದು ಕಪ್ಪು ನೆರಳು ಮೇಲೇರಿದ ಹಾಗಿದೆ, ಪೊರೆ ತೆಗೆಸಿದ ಕಣ್ಣಿಗೆ ಮತ್ತೆ ಪೊರೆ ಬಂತೋ ಏನೋ ಅಂದರು. ಯಾವಾಗಿನಿಂದ ಎಂದು ಕೇಳಿದೆ. ಮೂರು ವಾರ ಆಯಿತಂತೆ. ಅದಕ್ಕೂ ಮೊದಲು ಕೆಲವು ದಿನ ಕಣ್ಣ ಮುಂದೆ ಸೊಳ್ಳೆ ಹಾರಿದಂತೆ, ಕತ್ತಲಲ್ಲಿ ಮಿಂಚು ಹೊಡೆದಂತೆ ಆಗುತ್ತಿತ್ತಂತೆ. ಊರಿನ ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಯಿಸಿ ಕಳಿಸಿದ್ದರು. ನನಗೇಕೆ ಹೇಳಲಿಲ್ಲ ಎಂದರೆ, ನೀನು ಅಷ್ಟು ದೂರ ಇದ್ದೀ, ಸುಮ್ಮನೆ ತಲೆಬಿಸಿ ಯಾಕೆ ಅಂತ ಎಂಬ ಉತ್ತರ ಬಂತು. ಊರು ಬಿಟ್ಟು ಹೊರಗಿರುವ ನಮಗೆಲ್ಲ ಈ ಉತ್ತರ ಬಾಯಿಪಾಠ.

ಮರುದಿನ ರಾತ್ರಿಯ ಹೊತ್ತಿಗೆ ಅಪ್ಪ ಚೆನ್ನೈಯಲ್ಲಿದ್ದರು. ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡ ಡಾಕ್ಟರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಒಂದು ಹಾಳೆಯ ಮೇಲೆ ಗಡಿಯಾರದ ಮುಖದಂತೆ ವೃತ್ತ ಬರೆದು, ಅರ್ಧ ಭಾಗಕ್ಕೆ ನೀಲಿ, ಉಳಿದದ್ದಕ್ಕೆ ಕೆಂಪು ಪೆನ್ಸಿಲ್ ಬಳಿದರು. ನೀಲಿಯ ನಡುವೆ, ಗಡಿಯಾರದಲ್ಲಿ ಒಂದೂವರೆ ಗಂಟೆ ಇರುವ ಜಾಗದಲ್ಲಿ, ಕುದುರೆ ಲಾಳದ ಆಕಾರದ ಒಂದು ಸಣ್ಣ ಗುರುತು. ರೆಟಿನಾ ಕಳಚಿಕೊಂಡಿದೆ, ತೂತು ಇಲ್ಲಿದೆ, ಇದನ್ನು ಮುಚ್ಚಬೇಕು ಎಂದರು. ನೆರಳು ಕಂಡಿದ್ದು ಕೆಳಗಡೆಯಲ್ಲವೇ, ತೂತು ಮೇಲೆ ಹೇಗೆ ಎಂದು ನಾನು ಕೇಳಿದೆ. ಕಣ್ಣು ಕ್ಯಾಮೆರಾದ ಹಾಗೆ ತಲೆಕೆಳಗಾದ ಚಿತ್ರ ಹಿಡಿಯುತ್ತದೆ, ಕೆಳಗಿನ ನೆರಳಿಗೆ ಮೇಲಿನ ಹರಿತ ಕಾರಣ ಎಂದು ವಿವರಿಸಿದರು. ಕಳಚಿದ ರೆಟಿನಾಕ್ಕಿಂತ ಈ ತೂತನ್ನೇ ಮೊದಲು ಹುಡುಕಬೇಕೆಂದು ನಮಗೆಲ್ಲ ಕಲಿಸಿದವರು ಜೂಲ್ಸ್ ಗೋನಿನ್ ಎಂದೂ ಹೇಳಿದರು.

ಆ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪನ ಕಣ್ಣಿನೊಳಗೆ ಗ್ಯಾಸಿನ ಗುಳ್ಳೆ ತುಂಬಿ, ವಾರಗಟ್ಟಲೆ ಹೀಗೇ ಮಲಗಬೇಕು ಎಂದು ಕಟ್ಟುನಿಟ್ಟು ಮಾಡಿದ್ದರು. ಶೋಳಿಂಗನಲ್ಲೂರಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವರು ಮುಖ ಕೆಳಗೆ ಮಾಡಿ ಮಲಗಿದ್ದಾಗ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸದ ನಡುವೆ ಗೋನಿನ್ ಬಗ್ಗೆ ಓದಿದೆ. ಓದಿದ್ದನ್ನು ಅಪ್ಪನಿಗೂ ಹೇಳುತ್ತಾ ಹೋದೆ. ಅವರಿಗೆ ಹೊತ್ತು ಹೋಗಬೇಕಿತ್ತು, ನನಗೆ ಭಯ ಕಳೆಯಬೇಕಿತ್ತು.

ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಹೊದಿಸಿದ ತೆಳು ಪದರ. ನಮ್ಮ ಪಠ್ಯಪುಸ್ತಕಗಳ ಅಕ್ಷಿಪಟಲ. ಬೆಳಕು ಬಿದ್ದು ಚಿತ್ರ ಮೂಡುವುದು ಇದರ ಮೇಲೆಯೇ. ಇದು ಗೋಡೆಗೆ ಗೋಂದು ಹಚ್ಚಿ ಅಂಟಿಸಿದ ಕಾಗದದಂತಿಲ್ಲ. ಹಿಂದೆ ನರ ಹೊರಡುವ ಜಾಗದಲ್ಲಿ ಮತ್ತು ಮುಂದೆ ಅಂಚಿನಲ್ಲಿ ಮಾತ್ರ ಗಟ್ಟಿ ಹಿಡಿತ, ನಡುವೆ ಸುಮ್ಮನೆ ಒರಗಿಕೊಂಡಿರುತ್ತದೆ. ಕಣ್ಣಿನ ಒಳಗೆ ತುಂಬಿರುವ ಲೋಳೆಗೆ ವಿಟ್ರಿಯಸ್ ಎಂದು ಹೆಸರು. ವಯಸ್ಸಾದಂತೆ ಅದು ನೀರಾಗಿ, ಕುಗ್ಗಿ, ರೆಟಿನಾವನ್ನು ಹಿಡಿದು ಎಳೆಯುತ್ತದೆ. ಎಳೆತಕ್ಕೆ ಪದರ ಹರಿಯಿತೋ, ನೀರು ಆ ತೂತಿನಲ್ಲಿ ನುಗ್ಗಿ ಹಿಂದೆ ಸೇರಿ ಇಡೀ ಪದರವನ್ನು ಗೋಡೆಯಿಂದ ಎಬ್ಬಿಸುತ್ತದೆ. ದಪ್ಪ ಮೈನಸ್ ಕನ್ನಡಕದವರಿಗೆ, ಪೊರೆ ತೆಗೆಸಿಕೊಂಡವರಿಗೆ ಇದರ ಅಪಾಯ ಹೆಚ್ಚು. ಇಷ್ಟನ್ನು ಇವತ್ತು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಜಗತ್ತು ಇದನ್ನು ಒಪ್ಪಲು ಮುಕ್ಕಾಲು ಶತಮಾನ ಹಿಡಿಯಿತು.

ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1851ರಲ್ಲಿ ಕಣ್ಣಿನ ಒಳಗೆ ಇಣುಕುವ ಉಪಕರಣ ಕಂಡುಹಿಡಿದರು. ಎರಡೇ ವರ್ಷದಲ್ಲಿ, 1853ರಲ್ಲಿ, ಕೊಕ್ಸಿಯಸ್ ಎಂಬವರು ಕಳಚಿದ ರೆಟಿನಾದಲ್ಲಿ ತೂತು ಕಂಡು ಬರೆದಿಟ್ಟರು. ಅಂದರೆ ತೂತನ್ನು ಮೊದಲು ಕಂಡವರು ಗೋನಿನ್ ಅಲ್ಲ. ಫ್ರಾನ್ಸಿನ ಡಿ ವೆಕರ್, ಜರ್ಮನಿಯ ಲೇಬರ್ ಮುಂತಾದ ದೊಡ್ಡವರು ತೂತಿಗೂ ಕಳಚುವಿಕೆಗೂ ಸಂಬಂಧ ಇರಬೇಕೆಂದು ವಾದಿಸಿದ್ದರು. ಆದರೆ ಹೆಚ್ಚಿನವರ ಲೆಕ್ಕದಲ್ಲಿ ತೂತು ಒಂದು ಪರಿಣಾಮ ಮಾತ್ರ. ಪದರ ಮೊದಲು ಏಳುತ್ತದೆ, ಎದ್ದ ಮೇಲೆ ಅಲ್ಲಲ್ಲಿ ಹರಿಯುತ್ತದೆ, ಅದನ್ನು ಹುಡುಕಿ ಏನು ಪ್ರಯೋಜನ ಎಂಬ ಧೋರಣೆ. ಸರ್ವರ್ ಬಿದ್ದಾಗ ಲಾಗ್‌ನಲ್ಲಿ ಸಾಲುಸಾಲು ಎರರ್ ಕಂಡು, ಯಾವುದು ಮೂಲ, ಯಾವುದು ಅದರ ಹಿಂದೆ ಬಂದದ್ದು ಎಂದು ಗೊತ್ತಾಗದೆ ಎಲ್ಲವನ್ನೂ ರೀಸ್ಟಾರ್ಟ್ ಮಾಡಿ ಕೈಮುಗಿದು ಕೂರುವ ಕೆಲಸ ನಾನೂ ಮಾಡಿದ್ದೇನೆ. ಆಗಿನ ಚಿಕಿತ್ಸೆಗಳೂ ಹಾಗೇ ಇದ್ದವು. ರೋಗಿಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಮಲಗಿಸುವುದು, ಬೆವರಿಳಿಸುವುದು, ಹಿಂದೆ ಸೇರಿದ ನೀರನ್ನು ಸೂಜಿಯಿಂದ ಹೊರಬಿಡುವುದು. ಮೊಲದ ಕಣ್ಣಿನ ಲೋಳೆಯನ್ನು ಮನುಷ್ಯನ ಕಣ್ಣಿಗೆ ಚುಚ್ಚಿ ನೋಡಿದವರೂ ಇದ್ದರು. ನೀರು ಹೊರಬಿಟ್ಟಾಗ ಒಂದೆರಡು ದಿನ ಕಣ್ಣು ತೆರೆದಂತೆ ಆಗುತ್ತಿತ್ತು. ತೂತು ಹಾಗೇ ಇದ್ದುದರಿಂದ ನೀರು ಮತ್ತೆ ಸೇರುತ್ತಿತ್ತು.

1912ರಲ್ಲಿ ವೇಲ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ತಮ್ಮ ದೇಶದ ಸಹೋದ್ಯೋಗಿಗಳಿಗೆ ಪತ್ರ ಬರೆದು, ರೆಟಿನಾ ಕಳಚಿದ ಎಷ್ಟು ಜನರನ್ನು ಗುಣ ಮಾಡಿದ್ದೀರಿ ಎಂದು ವಿಚಾರಿಸಿದರು. ಬಂದ ಉತ್ತರಗಳನ್ನು ಕೂಡಿಸಿದರೆ ಸಾವಿರಕ್ಕೆ ಒಬ್ಬರು. ಆ ಒಬ್ಬರೂ ವೈದ್ಯರಿಂದ ಗುಣವಾದರೋ ತಾನಾಗಿಯೇ ಆಯಿತೋ, ಹೇಳುವುದು ಕಷ್ಟ. ನಮ್ಮ ಹಿರಿಯರು ಕಣ್ಣು ಹೋದವರನ್ನು ಕಂಡು ಹಣೆಬರಹ ಎಂದು ಸುಮ್ಮನಾಗುತ್ತಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆಗಿನ ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲೂ ಅದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ.

ಗೋನಿನ್ ಹುಟ್ಟಿದ್ದು 1870ರ ಆಗಸ್ಟ್ 10ರಂದು, ಸ್ವಿಟ್ಜರ್ಲೆಂಡಿನ ಲೂಸಾನ್ ಪಟ್ಟಣದಲ್ಲಿ. ಜಿನೀವಾ ಸರೋವರದ ದಂಡೆಯ ಈ ಊರಲ್ಲೇ ಓದಿ, ಇಲ್ಲೇ ಕೆಲಸ ಮಾಡಿ, ಇಲ್ಲೇ ತೀರಿಕೊಂಡರು. ನಮ್ಮಂತೆ ಊರೂರು ಅಲೆದವರಲ್ಲ. ಕಣ್ಣಿಗೆ ಬರುವ ಮೊದಲು ಅವರ ಆಸಕ್ತಿ ಇದ್ದದ್ದು ಚಿಟ್ಟೆಗಳಲ್ಲಿ. ಕೋಸಿನ ಎಲೆ ತಿನ್ನುವ ಹುಳು ಬಿಳಿ ಚಿಟ್ಟೆಯಾಗುವಾಗ ಅದರ ರೆಕ್ಕೆ, ಕಾಲು ಎಲ್ಲಿಂದ ಮೂಡುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, 1894ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಕೀಟಶಾಸ್ತ್ರದವರು ಬಹಳ ಕಾಲ ಅದನ್ನು ಉಲ್ಲೇಖಿಸುತ್ತಿದ್ದರು. ಇದನ್ನು ಓದಿದಾಗ ಅಪ್ಪ ಮಲಗಿದ್ದಲ್ಲಿಂದಲೇ ನಕ್ಕರು. ಹುಳು ಕೊಯ್ದು ನೋಡಿದ ಕೈ ಕಣ್ಣಿಗೂ ಆಗುತ್ತದೆ ಎಂಬುದು ಅವರ ಅಭಿಪ್ರಾಯ. ನನಗೂ ಅದೇ ಅನಿಸಿತು. ಕಾಗದಕ್ಕಿಂತ ತೆಳ್ಳಗಿನ ವಸ್ತುವನ್ನು ಕೆಡಿಸದೆ ಸೀಳಿ ನೋಡುವ ಅಭ್ಯಾಸ ಅವರಿಗೆ ವೈದ್ಯನಾಗುವ ಮೊದಲೇ ಇತ್ತು.

ಲೂಸಾನಿನ ಕಣ್ಣಿನ ಆಸ್ಪತ್ರೆಯಲ್ಲಿ ಮಾರ್ಕ್ ಡುಫೂರ್ ಎಂಬ ಹೆಸರಾಂತ ವೈದ್ಯರಿದ್ದರು. ಗೋನಿನ್ ಅವರ ಸಹಾಯಕರಾದರು. ಫ್ರೆಂಚ್ ಭಾಷೆಯ ನೇತ್ರವಿಜ್ಞಾನ ವಿಶ್ವಕೋಶಕ್ಕೆ ರೆಟಿನಾ ರೋಗಗಳ ಭಾಗ ಬರೆಯುವ ಕೆಲಸ ಡುಫೂರ್ ಅವರಿಗೆ ಬಂದಾಗ ಶಿಷ್ಯನೂ ಜೊತೆಗೂಡಿದ. 1906ರಲ್ಲಿ ಅದು ಅಚ್ಚಾಯಿತು. ಹೀಗೆ ಎಲ್ಲರೂ ಕೈಬಿಟ್ಟಿದ್ದ ರೋಗ ಗೋನಿನ್ ಕೈಗೆ ಬಂತು. ರೋಗದಿಂದ ಹಾಳಾಗಿ ತೆಗೆಯಬೇಕಾಗಿ ಬಂದ ಕಣ್ಣುಗಳನ್ನು ಅವರು ತೆಳುವಾಗಿ ಕೊಯ್ದು ಪರೀಕ್ಷಿಸುತ್ತಿದ್ದರು. ಲೋಳೆ ಎಲ್ಲಿ ರೆಟಿನಾವನ್ನು ಹಿಡಿದಿದೆ, ಎಲ್ಲಿ ಎಳೆದಿದೆ, ಎಲ್ಲಿ ಹರಿದಿದೆ ಎಂಬುದು ಅಲ್ಲಿ ಕಾಣುತ್ತಿತ್ತು. 1904ರ ಹೊತ್ತಿಗೇ ಈ ಬಗ್ಗೆ ಬರೆದರು. ಆಮೇಲಿನ ವರ್ಷಗಳಲ್ಲಿ ಬದುಕಿರುವ ರೋಗಿಗಳ ಕಣ್ಣಿನಲ್ಲೂ ತೂತು ಹುಡುಕತೊಡಗಿದರು. ಒಮ್ಮೆ ನೋಡಿ ಸಿಗದಿದ್ದರೆ ಇಲ್ಲ ಎಂದುಬಿಡುವ ಜಾಯಮಾನ ಅವರದ್ದಲ್ಲ. ರೋಗಿಯನ್ನು ಕೆಲವು ದಿನ ಅಲುಗಾಡದೆ ಮಲಗಿಸಿ, ಎದ್ದ ಪದರ ಸ್ವಲ್ಪ ತಗ್ಗಿದ ಮೇಲೆ ಮತ್ತೆ ನೋಡುತ್ತಿದ್ದರು. ಹುಡುಕಿದಷ್ಟೂ ತೂತುಗಳು ಸಿಗುತ್ತಾ ಹೋದವು. ಬೇರೆಯವರು ತೂತೇ ಇಲ್ಲವೆಂದು ಬರೆದ ಕಣ್ಣುಗಳಲ್ಲಿ ಸರಿಯಾಗಿ ಹುಡುಕಿರಲಿಲ್ಲ, ಅಷ್ಟೇ.

ಇಲ್ಲಿಂದ ಮುಂದಿನ ಹೆಜ್ಜೆ ಕೇಳಲು ಸುಲಭ. ತೂತೇ ಕಾರಣವಾದರೆ ತೂತು ಮುಚ್ಚಿದರೆ ಆಯಿತು. ಆದರೆ ಅದಿರುವುದು ಕಣ್ಣಿನ ಒಳಗೆ. ವೈದ್ಯರು ನೋಡುವುದು ಪಾಪೆಯ ಮೂಲಕ ಮುಂದಿನಿಂದ, ಕೊಯ್ಯಬೇಕಾದ್ದು ಪಕ್ಕದ ಬಿಳಿಗೋಡೆಯನ್ನು ಹೊರಗಿನಿಂದ. ಒಳಗೆ ಕಂಡ ಬಿಂದುವನ್ನು ಹೊರಗಿನ ಗೋಡೆಯ ಮೇಲೆ ಗುರುತಿಸುವುದು ಹೇಗೆ?

ನನಗೆ ತುಂಬಾ ಹಿಡಿಸಿದ ಭಾಗ ಇದೇ. ಗೋನಿನ್ ಕಣ್ಣಿನೊಳಗಿದ್ದ ವಸ್ತುವನ್ನೇ ಅಳತೆಗೋಲು ಮಾಡಿಕೊಂಡರು. ನರ ಹೊರಡುವ ದುಂಡು ಜಾಗದ ಅಗಲ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ರೆಟಿನಾದ ಮುಂದಿನ ಅಂಚು ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು ಎಂಟು ಮಿಲಿಮೀಟರ್ ಹಿಂದೆ. ತೂತು ಆ ಮುಂದಿನ ಅಂಚಿನಿಂದ ಎಷ್ಟು ದುಂಡುಗಳಷ್ಟು ದೂರ ಇದೆ ಎಂದು ಒಳಗೆ ನೋಡಿ ಅಂದಾಜು ಮಾಡುವುದು, ಅದನ್ನು ಒಂದೂವರೆಯಿಂದ ಗುಣಿಸುವುದು, ಎಂಟಕ್ಕೆ ಕೂಡುವುದು. ಗಡಿಯಾರದ ಯಾವ ಗಂಟೆಯ ದಿಕ್ಕು ಎಂಬುದು ಮೊದಲೇ ಗೊತ್ತು. ದಿಕ್ಕು ಮತ್ತು ದೂರ ಸಿಕ್ಕರೆ ಬಿಂದು ಸಿಕ್ಕಿತು. ಎಂಜಿನಿಯರಿಂಗ್‌ನಲ್ಲಿ ನಾವು ಪೋಲಾರ್ ಕೋಆರ್ಡಿನೇಟ್ ಎಂದು ಕಲಿತದ್ದನ್ನು ಒಬ್ಬ ಡಾಕ್ಟರು ಮನುಷ್ಯನ ಕಣ್ಣುಗುಡ್ಡೆಯ ಮೇಲೆ ಬಳಸಿದ್ದರು. ಒಂದೆರಡು ಮಿಲಿಮೀಟರ್ ತಪ್ಪಿದರೂ ತೂತು ತೆರೆದೇ ಉಳಿಯುತ್ತಿತ್ತು, ಶಸ್ತ್ರಚಿಕಿತ್ಸೆ ವ್ಯರ್ಥವಾಗುತ್ತಿತ್ತು.

ಗುರುತು ಹಾಕಿದ ಜಾಗದಲ್ಲಿ ಸಣ್ಣ ಚಾಕುವಿನಿಂದ ಗೋಡೆಯನ್ನು ಕೊಯ್ದು, ಹಿಂದೆ ಸೇರಿದ ನೀರು ಹೊರಬಂದ ಕೂಡಲೇ ಕೆಂಪಗೆ ಕಾದ ಲೋಹದ ಮೊನೆಯನ್ನು ಆ ಸೀಳಿನಲ್ಲಿ ಎರಡು ಮೂರು ಸೆಕೆಂಡು ಇಡುತ್ತಿದ್ದರು. ಸುಟ್ಟ ಜಾಗ ಗಾಯವಾಗಿ ಮಾಯುವಾಗ ತೂತಿನ ಅಂಚು ಗೋಡೆಗೆ ಕಚ್ಚಿಕೊಳ್ಳುತ್ತಿತ್ತು. ಕಣ್ಣಿಗೆ ಬರೆ ಎಳೆಯುವುದೆಂದರೆ ಎದೆ ಝಲ್ಲೆನ್ನುತ್ತದೆ. ಅಪ್ಪನಿಗೆ ಈ ಭಾಗವನ್ನು ಹೇಳಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಹೇಳಿದೆ. ಕಾಮಾಲೆಗೆ ಕೈಗೆ ಬರೆ ಹಾಕಿಸಿಕೊಂಡ ತಲೆಮಾರು ಅವರದ್ದು, ಅಷ್ಟೇನೂ ಬೆಚ್ಚಲಿಲ್ಲ. ಆ ಬರೆಗೂ ಇದಕ್ಕೂ ವ್ಯತ್ಯಾಸವೆಂದರೆ, ಇಲ್ಲಿ ಎಲ್ಲಿ, ಎಷ್ಟು ಹೊತ್ತು, ಯಾಕೆ ಎಂಬ ಮೂರೂ ಪ್ರಶ್ನೆಗೆ ಉತ್ತರವಿತ್ತು.

1910ರ ದಶಕದ ನಡುವಿನಲ್ಲಿ ಶುರು ಮಾಡಿದ ಈ ಕ್ರಮವನ್ನು 1920ರ ಹೊತ್ತಿಗೆ ಗೋನಿನ್ ಸ್ವಿಸ್ ಮತ್ತು ಫ್ರೆಂಚ್ ವೈದ್ಯರ ಮುಂದಿಟ್ಟರು. ಅದೇ 1920ರಲ್ಲಿ, ಐವತ್ತನೇ ವಯಸ್ಸಿನಲ್ಲಿ, ಲೂಸಾನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಗುರು ಡುಫೂರ್ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಪದವಿ ಬಂತು, ನಂಬಿಕೆ ಬರಲಿಲ್ಲ. ಸುಮಾರು ಹತ್ತು ವರ್ಷ ಹೆಚ್ಚಿನವರು ಅನುಮಾನದಿಂದಲೇ ನೋಡಿದರು. ತೂತು ಕಾರಣವಲ್ಲ ಎಂಬ ಹಳೆಯ ವಾದ ಒಂದು ಕಡೆ. ಇನ್ನೊಂದು ಕಡೆ, ಅವರ ಕ್ರಮವನ್ನು ಅರ್ಧಂಬರ್ಧ ಅನುಸರಿಸಿ, ತೂತನ್ನು ಸರಿಯಾಗಿ ಗುರುತಿಸದೆ ಎಲ್ಲೋ ಸುಟ್ಟು, ಇದು ಕೆಲಸ ಮಾಡುವುದಿಲ್ಲ ಎಂದವರು. ಸಾವಿರಕ್ಕೊಂದು ಗುಣವಾಗುವ ರೋಗದಲ್ಲಿ ಒಬ್ಬ ಮನುಷ್ಯ ಬಂದು ನಾನು ಗುಣ ಮಾಡುತ್ತೇನೆ ಎಂದರೆ ಅನುಮಾನ ಸಹಜವೇ, ಅದಕ್ಕಾಗಿ ಅವರನ್ನು ನಾನು ದೂರುವುದಿಲ್ಲ. ಆದರೆ ಆ ಹತ್ತು ವರ್ಷದಲ್ಲಿ ಬೇರೆ ಬೇರೆ ಊರುಗಳಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿ ಕುರುಡರಾದವರ ಎಣಿಕೆ ಯಾರ ಬಳಿಯೂ ಇಲ್ಲ.

ಗೋನಿನ್ ವಾದಕ್ಕಿಂತ ಹೆಚ್ಚು ನೆಚ್ಚಿದ್ದು ದಾಖಲೆಯನ್ನು. ಪ್ರತಿ ಕಣ್ಣಿಗೂ ನಕ್ಷೆ, ತೂತಿನ ಜಾಗ, ರೋಗ ಶುರುವಾಗಿ ಎಷ್ಟು ದಿನ, ಚಿಕಿತ್ಸೆಯ ಫಲ. ಸೋತದ್ದನ್ನೂ ಬರೆದರು. ನಂಬದೆ ಬಂದವರು ಲೂಸಾನಿಗೆ ಬಂದು ಕಣ್ಣಾರೆ ನೋಡಿ ಮನಸ್ಸು ಬದಲಾಯಿಸಿಕೊಂಡರು. ಬಾರ್ಸಿಲೋನಾದ ಅರ್ರುಗಾ, ಯುಟ್ರೆಕ್ಟ್‌ನ ವೇವೆ ತಂತಮ್ಮ ಊರುಗಳಲ್ಲಿ ಅದೇ ಕ್ರಮ ಹಿಡಿದರು. ಜೊತೆಗೆ ಅವರದೇ ಶಿಷ್ಯ ಮಾರ್ಕ್ ಆಮ್ಸ್ಲರ್ ಇದ್ದರು. 1929ರಲ್ಲಿ ಹಾಲೆಂಡಿನಲ್ಲಿ ನಡೆದ ಅಂತರರಾಷ್ಟ್ರೀಯ ನೇತ್ರ ಸಮ್ಮೇಳನದಲ್ಲಿ ಇವರ ಫಲಿತಾಂಶಗಳು ಒಟ್ಟಾಗಿ ಬಂದವು. ಒಬ್ಬರ ಕೈಚಳಕ ಎನ್ನುವಂತಿರಲಿಲ್ಲ, ಬೇರೆ ಊರುಗಳಲ್ಲಿ ಬೇರೆ ಕೈಗಳಲ್ಲೂ ಅದೇ ಫಲ ಬಂದಿತ್ತು. ಅಲ್ಲಿಂದಾಚೆಗೆ ಲೂಸಾನಿಗೆ ದೇಶವಿದೇಶದ ರೋಗಿಗಳೂ ವೈದ್ಯರೂ ಹರಿದುಬಂದರು.

ಎಷ್ಟು ಜನಕ್ಕೆ ಗುಣವಾಯಿತು? ಒಟ್ಟಾರೆ ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ರೆಟಿನಾ ಮತ್ತೆ ಕೂತಿತು. ಸಾವಿರಕ್ಕೊಂದರಿಂದ ಎರಡಕ್ಕೊಂದು. ಉಳಿದ ಅರ್ಧದ ಕಥೆ ನನಗೆ ಬೇಕಾಗಿತ್ತು, ಅಪ್ಪನಿಗಾಗಿ. ಬೇಗ ಬಂದವರಲ್ಲಿ ಗುಣವಾದವರು ಹೆಚ್ಚು, ತಡವಾಗಿ ಬಂದವರಲ್ಲಿ ಕಡಿಮೆ ಎಂಬುದು ಗೋನಿನ್ ಕಾಲದಲ್ಲೇ ಗೊತ್ತಾಗಿತ್ತು. ರೆಟಿನಾ ಕೂತರೂ ದೃಷ್ಟಿ ಪೂರ್ತಿ ಮರಳದಿರುವುದೂ ಇತ್ತು. ಗೋಡೆಯಿಂದ ದೂರವಾದ ಪದರಕ್ಕೆ ಆಹಾರ ಸಿಗುವುದಿಲ್ಲ, ದಿನ ಕಳೆದಂತೆ ಅದರ ಜೀವಕೋಶಗಳು ಸೊರಗುತ್ತವೆ. ನಡುವಿನ ಮ್ಯಾಕ್ಯುಲಾ ಎಂಬ ಸಾಸಿವೆಯಷ್ಟು ಜಾಗ, ಅಂದರೆ ಓದಲು, ಮುಖ ಗುರುತಿಸಲು ಬೇಕಾದ ಜಾಗ, ಕಳಚಿ ವಾರ ದಾಟಿತೋ, ಆಮೇಲೆ ಎಷ್ಟು ಒಳ್ಳೆಯ ಕೈ ಇದ್ದರೂ ಹಳೆಯ ದೃಷ್ಟಿ ಪೂರ್ತಿ ಬರುವುದು ಅಪರೂಪ.

1934ರಲ್ಲಿ ಗೋನಿನ್ ತಮ್ಮ ಅನುಭವವನ್ನೆಲ್ಲ ರೆಟಿನಾ ಕಳಚುವಿಕೆಯ ಕುರಿತ ಒಂದು ದೊಡ್ಡ ಪುಸ್ತಕವಾಗಿ ಹೊರತಂದರು. ಮರುವರ್ಷ, 1935ರ ಜೂನ್ 10ರಂದು, ಅರವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ಜಾಗಕ್ಕೆ ಆಮ್ಸ್ಲರ್ ಬಂದರು. ಲೂಸಾನಿನ ಆ ಕಣ್ಣಿನ ಆಸ್ಪತ್ರೆಗೆ ಇವತ್ತು ಗೋನಿನ್ ಹೆಸರಿದೆ. ಅವರ ಹೆಸರಿನ ಪದಕವನ್ನು ನೇತ್ರವೈದ್ಯರು ತಮ್ಮ ಕ್ಷೇತ್ರದ ದೊಡ್ಡ ಗೌರವಗಳಲ್ಲಿ ಒಂದೆಂದು ಎಣಿಸುತ್ತಾರೆ.

ಕಾದ ಲೋಹದ ಮೊನೆ ಬೇಗನೆ ಹಳತಾಯಿತು. 1930ರ ದಶಕದಲ್ಲೇ ವಿದ್ಯುತ್ ಶಾಖ ಬಂತು, ಮುಂದೆ ಶೈತ್ಯ, ಲೇಸರ್. 1949ರಲ್ಲಿ ಜರ್ಮನಿಯ ಕುಸ್ಟೋಡಿಸ್ ಹೊರಗಿನಿಂದ ಗೋಡೆಯನ್ನೇ ಒಳಗೆ ಒತ್ತಿ ತೂತಿಗೆ ಮುಟ್ಟಿಸುವ ಉಪಾಯ ಮಾಡಿದರು. ಬೆಲ್ಜಿಯಂನಲ್ಲಿ ಹುಟ್ಟಿ ಬಾಸ್ಟನ್‌ನಲ್ಲಿ ನೆಲೆಸಿದ ಚಾರ್ಲ್ಸ್ ಶೆಪೆನ್ಸ್ ಎರಡೂ ಕಣ್ಣಿನಿಂದ ಆಳವನ್ನು ಕಾಣುವಂತೆ ತಲೆಗೆ ಕಟ್ಟಿಕೊಳ್ಳುವ ಉಪಕರಣ ರೂಪಿಸಿದರು. ಅಪ್ಪನ ಡಾಕ್ಟರ ತಲೆಯ ಮೇಲಿದ್ದದ್ದು ಅದರ ಮರಿಮೊಮ್ಮಗ. 1970ರ ಹೊತ್ತಿಗೆ ಮಾಕೆಮರ್ ಕಣ್ಣಿನೊಳಗಿನ ಲೋಳೆಯನ್ನೇ ಕತ್ತರಿಸಿ ಹೊರತೆಗೆಯುವ ವಿಟ್ರೆಕ್ಟಮಿಯನ್ನು ತಂದರು. ಶೆಪೆನ್ಸ್ ಬಳಿ ಕಲಿತವರಲ್ಲಿ ಚೆನ್ನೈಯ ಡಾ. ಎಸ್.ಎಸ್. ಬದರಿನಾಥ್ ಒಬ್ಬರು. ಅವರು ಊರಿಗೆ ಮರಳಿ 1978ರಲ್ಲಿ ಶಂಕರ ನೇತ್ರಾಲಯ ಕಟ್ಟಿದರು. ರೆಟಿನಾ ಎಂದ ಕೂಡಲೇ ನಮ್ಮ ಕಡೆಯವರೂ ಚೆನ್ನೈ ರೈಲು ಹತ್ತುವ ರೂಢಿ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಇವತ್ತು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹತ್ತರಲ್ಲಿ ಎಂಟು ಒಂಬತ್ತು ಕಣ್ಣುಗಳಲ್ಲಿ ರೆಟಿನಾ ಕೂರುತ್ತದೆ. ಸಾಧನ ಎಷ್ಟೇ ಬದಲಾದರೂ ಡಾಕ್ಟರು ಶುರು ಮಾಡುವುದು ಗೋನಿನ್ ಶುರು ಮಾಡಿದಲ್ಲಿಂದಲೇ, ಎಲ್ಲ ತೂತುಗಳನ್ನೂ ಹುಡುಕುವುದರಿಂದ.

ಅಪ್ಪನ ರೆಟಿನಾ ಕೂತಿದೆ. ಕಣ್ಣಿನಲ್ಲಿ ಗ್ಯಾಸ್ ಇರುವಷ್ಟು ದಿನ ವಿಮಾನ ಹತ್ತುವಂತಿಲ್ಲ, ಎತ್ತರದ ಊರಿಗೂ ಹೋಗುವುದು ಬೇಡ ಎಂದಿದ್ದರಿಂದ ಎರಡು ತಿಂಗಳು ನಮ್ಮಲ್ಲೇ ಇದ್ದರು. ನಾನು ಊರು ಬಿಟ್ಟ ಮೇಲೆ ಅವರ ಜೊತೆ ಅಷ್ಟು ದಿನ ಕಳೆದದ್ದು ಅದೇ ಮೊದಲು. ಗುಳ್ಳೆ ಕರಗುತ್ತಾ ಬಂದಾಗ ಕಣ್ಣಿನಲ್ಲಿ ನೀರಿನ ಮಟ್ಟ ಇಳಿದಂತೆ ಕಾಣುತ್ತದೆ ಎಂದು ದಿನಾ ವರದಿ ಒಪ್ಪಿಸುತ್ತಿದ್ದರು. ನೆರಳು ಹೋಯಿತು. ಆದರೆ ಎಡಗಣ್ಣೊಂದರಿಂದಲೇ ಪೇಪರ್ ಓದಲು ಆಗುವುದಿಲ್ಲ, ದಪ್ಪ ಶೀರ್ಷಿಕೆ ಮಾತ್ರ. ಮೊದಲ ವಾರದಲ್ಲೇ ಬಂದಿದ್ದರೆ ಎಂದು ನಾನು ಕೇಳಿದ್ದಕ್ಕೆ ಡಾಕ್ಟರು ನೇರವಾಗಿ ಏನೂ ಹೇಳಲಿಲ್ಲ. ಅಪ್ಪನ ಬಲಗಣ್ಣಿನ ಅಂಚಿನಲ್ಲೂ ಒಂದು ಸಣ್ಣ ಹರಿತ ಸಿಕ್ಕಿತು. ಅದಿನ್ನೂ ಕಳಚಿರಲಿಲ್ಲ, ಹೊರರೋಗಿ ವಿಭಾಗದಲ್ಲೇ ಹತ್ತು ನಿಮಿಷ ಕೂರಿಸಿ ಸುತ್ತ ಲೇಸರ್ ಹಾಕಿ ಕಳಿಸಿದರು. ನನ್ನ ಕನ್ನಡಕ ಮೈನಸ್ ಏಳು. ನನ್ನನ್ನೂ ಅದೇ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಸದ್ಯಕ್ಕೆ ತೂತಿಲ್ಲ, ವರ್ಷಕ್ಕೊಮ್ಮೆ ಬಾ ಎಂದಿದ್ದಾರೆ.

ಗೋನಿನ್ ಶಿಷ್ಯ ಆಮ್ಸ್ಲರ್ ಮುಂದೆ ಒಂದು ಚೌಕುಳಿ ಹಾಳೆ ಮಾಡಿದರು. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿದಾಗ ಗೆರೆಗಳು ಸೊಟ್ಟಗೆ ಕಂಡರೆ ಮ್ಯಾಕ್ಯುಲಾದಲ್ಲಿ ಏನೋ ತೊಂದರೆ ಎಂದರ್ಥ. ಆಸ್ಪತ್ರೆಯವರು ಕೊಟ್ಟ ಆ ಹಾಳೆಯನ್ನು ಅಪ್ಪ ರಾಣೆಬೆನ್ನೂರಿಗೆ ಹೋದ ವಾರದಲ್ಲೇ ಎಲ್ಲೋ ಇಟ್ಟು ಮರೆತರು. ಈಗ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಒಂದೊಂದೇ ಕಣ್ಣು ಮುಚ್ಚಿ ತಾರೀಖಿನ ಚೌಕಗಳನ್ನು ನೋಡುತ್ತಾರೆ. ಫೋನ್ ಮಾಡಿದರೆ ಮೊದಲು ಕಣ್ಣಿನ ವಿಷಯ, ಮಳೆ ಆಮೇಲೆ. ಬಲಗಣ್ಣಿಗೆ ಎಲ್ಲ ನೆಟ್ಟಗಿದೆಯಂತೆ. ಎಡಗಣ್ಣಿಗೆ ನಡುವಿನ ಎರಡು ಗೆರೆ ಇನ್ನೂ ಸ್ವಲ್ಪ ಬಾಗಿವೆ, ಹೋದ ತಿಂಗಳಿಗಿಂತ ಹೆಚ್ಚೇನೂ ಇಲ್ಲ ಎಂದು ನಿನ್ನೆ ಹೇಳಿದರು.